‘ಟ್ರಯಲ್‌ಗೆ ಸೇರ್ತೀರಾ?’ ಎಂದು ಡಾಕ್ಟರು ಕೇಳಿದರೆ

ನನ್ನ ಮನೆ ಡೊಂಬಿವಿಲಿಯಲ್ಲಿದೆ. ಊರಿನಿಂದ ಮುಂಬೈ ಪರೇಲಿನ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಗೆ ಬರುವ ನೆಂಟರ ಜೊತೆ ನಾನೇ ಹೋಗುತ್ತೇನೆ. ಟ್ರಯಲ್ (ಚಿಕಿತ್ಸೆಯೊಂದು ಎಷ್ಟು ಕೆಲಸ ಮಾಡುತ್ತದೆ ಎಂದು ರೋಗಿಗಳಲ್ಲಿ ನೋಡುವ ಅಧ್ಯಯನ) ಎಂದ ಕೂಡಲೇ ನಮ್ಮವರು ‘ನಮ್ಮ ಮೇಲೆ ಪ್ರಯೋಗವಾ?’ ಎಂದು ಹೆದರುತ್ತಾರೆ. ಹೆದರಬೇಡಿ. ಆದರೆ ತಕ್ಷಣ ಸಹಿಯನ್ನೂ ಹಾಕಬೇಡಿ.

ಮೊದಲು ಮಾಹಿತಿ ಪತ್ರವನ್ನು ಕನ್ನಡದಲ್ಲಿ ಕೇಳಿ. ನಮ್ಮ ಚಿಕ್ಕಮ್ಮನಿಗೆ ಕನ್ನಡ ಬಿಟ್ಟರೆ ಬೇರೇನೂ ಬಾರದು. ಮರಾಠಿ ಕಾಗದಕ್ಕೆ ಅವರ ಹೆಬ್ಬೆಟ್ಟು ಒತ್ತಿಸುವುದು ಸರಿಯಲ್ಲ. ಓದು ಬಾರದವರಿಗೆ ಓದಿ ಹೇಳುವಾಗ ಟ್ರಯಲ್‌ಗೆ ಸಂಬಂಧವಿಲ್ಲದ ಸಾಕ್ಷಿ ಇರಲೇಬೇಕು.

ಆಮೇಲೆ ಇದನ್ನು ಬಿಡಿಸಿ ಕೇಳಿ: ಸೇರದಿದ್ದರೆ ಯಾವ ಚಿಕಿತ್ಸೆ ಸಿಗುತ್ತದೆ? ಎಷ್ಟೋ ಟ್ರಯಲ್‌ಗಳಲ್ಲಿ ಯಾರಿಗೆ ಯಾವ ಚಿಕಿತ್ಸೆ ಎನ್ನುವುದು ಚೀಟಿ ಎತ್ತಿದ ಹಾಗೆ ತೀರ್ಮಾನವಾಗುತ್ತದೆ, ಡಾಕ್ಟರ ಇಷ್ಟದಿಂದಲ್ಲ. ಟಾಟಾದಲ್ಲೇ ಹೀಗೆ ಸ್ತನ ಕ್ಯಾನ್ಸರ್ ಆಪರೇಷನ್‌ಗೆ ಮೊದಲು ಸುಮಾರು ಅರ್ಧದಷ್ಟು ಮಹಿಳೆಯರಿಗೆ ಪ್ರೊಜೆಸ್ಟರಾನ್ ಹಾರ್ಮೋನಿನ ಒಂದು ಇಂಜೆಕ್ಷನ್ ಕೊಟ್ಟು ನೋಡಿದ್ದರು. 2011ರಲ್ಲಿ ಫಲಿತಾಂಶ ಬಂತು. ಒಟ್ಟಾರೆ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ, ಆದರೆ ಕಂಕುಳಿನ ದುಗ್ಧಗ್ರಂಥಿಗಳಿಗೆ (ಲಿಂಫ್ ನೋಡ್) ರೋಗ ಹರಡಿದ್ದವರಲ್ಲಿ ಲಾಭ ಕಂಡಿತು. ಇಂಥ ಉತ್ತರ ಸುಮ್ನೆ ಸಿಗುವುದಿಲ್ಲ, ಅಲ್ವಾ? ಅದಕ್ಕೆ ಸೇರಿದ ಹೆಂಗಸರ ಮೇಲೆ ನನಗೆ ತುಂಬ ಗೌರವ.

ಟ್ರಯಲ್‌ನ ಸಿಟಿಆರ್‌ಐ ನಂಬರ್ ಬರೆದುಕೊಳ್ಳಿ; ಸಿಟಿಆರ್‌ಐ ಅಂದರೆ ಭಾರತದ ಟ್ರಯಲ್‌ಗಳನ್ನು ನೋಂದಾಯಿಸುವ ಸರ್ಕಾರಿ ದಾಖಲೆ. 2009ರಿಂದ ಔಷಧ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಜಾಸ್ತಿ ಸ್ಕ್ಯಾನ್‌ಗಳ ಖರ್ಚು ಯಾರದು, ತೊಂದರೆಯಾದರೆ ಪರಿಹಾರ ಯಾರು ಕೊಡುತ್ತಾರೆ ಎಂದು ಪತ್ರದಲ್ಲೇ ಹುಡುಕಿ. ಯಾವಾಗ ಬೇಕಾದರೂ ಹೊರಬರಬಹುದು, ಮಾಮೂಲಿ ಚಿಕಿತ್ಸೆಯ ಹಕ್ಕು ಹೋಗುವುದಿಲ್ಲ. ಸಹಿಯಾದ ಮೇಲೆ ಒಂದು ಪ್ರತಿ ಕೇಳಿ ಪಡೆದು ನಿಮ್ಮ ಫೈಲಿನಲ್ಲಿಡಿ.