ಗೆಳತಿ 'ನಾನು ಥೇರಿಯನ್' ಅಂದರೆ ಏನು ಮಾಡಬೇಕು?

ಮೊದಲು, ನಗಬೇಡಿ ಮಾರಾಯ್ರೆ. ಮಲ್ಪೆ ಕಡಲ ಬದಿ ಕೂತು ಗೆಳತಿಯೊಬ್ಬಳು ತಾನು ಥೇರಿಯನ್, ಅಂದರೆ ಒಳಗೊಳಗೆ ತಾನೊಂದು ತೋಳ ಅನಿಸುತ್ತದೆ ಅಂದಾಗ ನಾನು ನಕ್ಕಿದ್ದೆ, ಆಮೇಲೆ ಆರು ತಿಂಗಳು ಅವಳು ಆ ಮಾತೇ ಎತ್ತಲಿಲ್ಲ.

ಪೂರ್ತಿ ಕೇಳಿ. ತಮ್ಮ ಮೈ ಮನುಷ್ಯರದೇ ಅಂತ ಥೇರಿಯನ್‌ಗಳಿಗೆ ಚೆನ್ನಾಗಿ ಗೊತ್ತು, ಗುರುತು ಮಾತ್ರ ಒಂದು ಪ್ರಾಣಿಯ ಜೊತೆ ಬೆಸೆದಿರುತ್ತದೆ. ಮೈಯೇ ಪ್ರಾಣಿಯಾಗುತ್ತಿದೆ ಅಂತ ನಂಬುವ ಕ್ಲಿನಿಕಲ್ ಲೈಕಾಂತ್ರೊಪಿ ತುಂಬ ಅಪರೂಪದ ಕಾಯಿಲೆ, ಅದು ಬೇರೆ. ಫರಿಗಳೂ ಬೇರೆ. ಅವರು ಮನುಷ್ಯರಂತೆ ನಡೆದು ಮಾತಾಡುವ ಪ್ರಾಣಿ ಪಾತ್ರಗಳನ್ನು ಇಷ್ಟಪಡುವವರು.

ನಮ್ಮೂರಲ್ಲಿ ತಕ್ಷಣ ಬರುವ ಪ್ರಶ್ನೆ, 'ಹುಲಿವೇಷದ ಹಾಗಾ?' ಅಲ್ಲ. ಅಷ್ಟಮಿಗೋ ದಸರಾಕ್ಕೋ ಬಣ್ಣ ಹಚ್ಚಿ ತಾಸೆ ವಾದ್ಯದ ಪೆಟ್ಟಿಗೆ ಕುಣಿಯುವುದು ಹರಕೆ, ಕಲೆ, ಬಣ್ಣ ತೊಳೆದರೆ ವೇಷ ಮುಗಿಯಿತು. ಥೇರಿಯನ್ ಗುರುತು ತೊಳೆದರೆ ಹೋಗುವಂಥದ್ದಲ್ಲ. ಹಂದಿ ರೂಪದ ದೈವ ಪಂಜುರ್ಲಿಯ ಕೋಲಕ್ಕೂ ಹೋಲಿಸಬೇಡಿ, ಅದು ಆರಾಧನೆ.

ಶಾಲೆಗಳಲ್ಲಿ ತಾವು ಬೆಕ್ಕು ಅನ್ನುವ ಮಕ್ಕಳಿಗೆ ಬೆಕ್ಕುಗಳು ಮಲಮೂತ್ರ ಮಾಡುವ ಮರಳಿನ ಡಬ್ಬ ಇಟ್ಟಿದ್ದಾರೆ ಅಂತ ಅಮೆರಿಕದಲ್ಲಿ ಹಬ್ಬಿದ ಸುದ್ದಿ ಸುಳ್ಳು. ವಾಟ್ಸಾಪ್‌ಗೆ ಬಂದರೆ ಮುಂದೆ ಕಳಿಸಬೇಡಿ. ಯಾವ ಪ್ರಾಣಿ, ಯಾವಾಗಿನಿಂದ ಅಂತ ಮೆಲ್ಲ ಕೇಳಿ. ಅವರನ್ನು ಕೇಳದೆ ಮನೆಯವರಿಗೆ ಹೇಳಲೇಬೇಡಿ. ನಿದ್ದೆ, ಊಟ ಬಿಟ್ಟು ಒದ್ದಾಡುತ್ತಿದ್ದರೆ ಕೌನ್ಸೆಲರ್ ಹತ್ತಿರ ಜೊತೆಗೆ ಹೋಗಿ, ಆ ಸಂಕಟಕ್ಕಾಗಿ, ತೋಳವನ್ನು ಓಡಿಸುವುದಕ್ಕಲ್ಲ.