ಸ್ಪಾಕ್ ಮನಸ್ಸಿನಲ್ಲಿ ಏನಿದೆ ಅಂತ ಬರೆಯಬೇಕಾ, ಬೇಡವಾ?

ಸ್ಟಾರ್ ಟ್ರೆಕ್ ಅನ್ನುವ ಬಾಹ್ಯಾಕಾಶದ ಟೀವಿ ಧಾರಾವಾಹಿಯನ್ನು ಆಧರಿಸಿದ ಕಾದಂಬರಿಗಳನ್ನು ನಾನು ಕಥೆಗೋಸ್ಕರ ಓದುವುದು ಕಮ್ಮಿ. ಅದರಲ್ಲಿ ಬರುವ ಸ್ಪಾಕ್‌ನನ್ನು, ಅಂದರೆ ಭಾವನೆ ತೋರಿಸದ, ಚೂಪು ಕಿವಿಯ ಆ ಅನ್ಯಗ್ರಹದ ಅಧಿಕಾರಿಯನ್ನು, ಹೇಗೆ ಬರೆದಿದ್ದಾರೆ ಅಂತ ನೋಡಲು ಓದುತ್ತೇನೆ. ನಾನೂ ಅಷ್ಟಿಷ್ಟು ಕಥೆ ಬರೆಯುವವನು. ಬಾಯಿಬಿಟ್ಟು ಏನೂ ಹೇಳದ ಪಾತ್ರ ಬಂದರೆ ಕೈ ಕಟ್ಟಿ ಹಾಕಿದ ಹಾಗಾಗುತ್ತದೆ. ಅಂಥ ಪಾತ್ರಗಳಿಗೆಲ್ಲ ದೊಡ್ಡಣ್ಣ ಈ ಸ್ಪಾಕ್.

ತೆರೆಯ ಮೇಲೆ ಇದು ಸಲೀಸು. ಸ್ಪಾಕ್ ಪಾತ್ರ ಮಾಡಿದ ಲಿಯೊನಾರ್ಡ್ ನಿಮಾಯ್ ಒಂದು ಹುಬ್ಬು ಏರಿಸಿದರೆ ಮುಗೀತು. 1967ರ 'ಜರ್ನಿ ಟು ಬೇಬೆಲ್' ಕಂತನ್ನೇ ತಗೊಳ್ಳಿ. ಅಪ್ಪ ಸಾರೆಕ್‌ಗೆ ಆಪರೇಷನ್ ಆಗಬೇಕು, ಅದಕ್ಕೆ ಸ್ಪಾಕ್‌ನ ರಕ್ತ ಬೇಕು. ಆದರೆ ಕ್ಯಾಪ್ಟನ್ ಕರ್ಕ್‌ಗೆ ಚೂರಿ ಇರಿತವಾಗಿದೆ, ಹಡಗಿನ ಹೊಣೆ ಬಿಟ್ಟು ಬರಲಾರೆ ಅಂತಾನೆ ಮಗ. ತಾಯಿ ಅಮಾಂಡ ಬೇಡಿಕೊಳ್ಳುತ್ತಾಳೆ, ಕೊನೆಗೆ ಕೆನ್ನೆಗೆ ಬಾರಿಸಿ ಹೊರಟುಹೋಗುತ್ತಾಳೆ. ಬಾಗಿಲು ಮುಚ್ಚಿಕೊಂಡ ಮೇಲೆ ಅವನು ಹತ್ತಿರ ಹೋಗಿ ಅದರ ಮೇಲೆ ಅಂಗೈ ಇಡುತ್ತಾನೆ. ಒಂದು ಮಾತಿಲ್ಲ.

ಈ ದೃಶ್ಯವನ್ನು ಅಭ್ಯಾಸಕ್ಕೆ ಅಂತ ಕನ್ನಡದಲ್ಲಿ ಎರಡು ಥರ ಬರೆದು ನೋಡಿದೆ. ಒಂದು, ಸ್ಪಾಕ್‌ನ ತಲೆಯೊಳಗೆ ಕೂತು. ಇನ್ನೊಂದು, ಬರೀ ಕಣ್ಣಿಗೆ ಕಾಣುವುದನ್ನಷ್ಟೇ. ಮೊದಲನೆಯದರಲ್ಲಿ 'ಅವನ ಕರುಳು ಹಿಂಡಿತು' ಅಂದ ತಕ್ಷಣ ಅವನು ಸ್ಪಾಕ್ ಆಗಿ ಉಳಿಯಲೇ ಇಲ್ಲ, ಯಾವುದೋ ಧಾರಾವಾಹಿಯ ಹಿರಿಮಗ ಆಗಿಬಿಟ್ಟ. ಎರಡನೆಯದು ತಣ್ಣಗಿತ್ತು, ಆದರೆ ನಿಂತಿತು.

ಆಮೇಲೆ ಪೆನ್ಸಿಲ್ ಹಿಡಿದು ಕಾದಂಬರಿ ಓದಲು ಶುರು ಮಾಡಿದೆ. ಲೇಖಕರು ಸ್ಪಾಕ್‌ನ ಒಳಗನ್ನು ನೇರವಾಗಿ ಹೇಳಿದ ಕಡೆಯೆಲ್ಲ ಒಂದು ಗೆರೆ. ಪುಸ್ತಕ ಮುಗಿದ ಮೇಲೆ ಬರೀ ಗೆರೆ ಹಾಕಿದ ಭಾಗಗಳನ್ನು ಇನ್ನೊಮ್ಮೆ ಓದುವುದು. ಯಾರು ಎಲ್ಲಿ ಜಾಸ್ತಿ ಹೇಳಿದರು ಅಂತ ಥಟ್ಟನೆ ಗೊತ್ತಾಗುತ್ತದೆ.

ನನಗೆ ಜಾಸ್ತಿ ಕಲಿಸಿದ್ದು ಎ. ಸಿ. ಕ್ರಿಸ್ಪಿನ್ ಅವರ 'ಯೆಸ್ಟರ್‌ಡೇಸ್ ಸನ್' (1983). 1969ರ ಒಂದು ಕಂತಿನಲ್ಲಿ ಸ್ಪಾಕ್ ಬೇರೊಂದು ಗ್ರಹದ ಐದು ಸಾವಿರ ವರ್ಷ ಹಿಂದಿನ ಹಿಮಯುಗಕ್ಕೆ ಹೋಗಿ ಜರಾಬೆತ್ ಎಂಬ ಹೆಂಗಸನ್ನು ಪ್ರೀತಿಸಿ, ಅವಳನ್ನು ಅಲ್ಲೇ ಬಿಟ್ಟು ಬರುತ್ತಾನಲ್ಲ, ಅವಳಿಗೆ ಮಗ ಹುಟ್ಟಿದ್ದರೆ ಅನ್ನುವುದೇ ಈ ಕಥೆ. ಒಂದು ಗುಹೆಯ ಚಿತ್ರದಲ್ಲಿ ಚೂಪು ಕಿವಿಯ ಮುಖ ಕಾಣುತ್ತದೆ, ಸ್ಪಾಕ್ ಹುಡುಕಿಕೊಂಡು ಹೋಗುತ್ತಾನೆ. ಸಿಗುವ ಹೊತ್ತಿಗೆ ಮಗ ಜಾರ್ ಬೆಳೆದು ಗಂಡಸಾಗಿದ್ದಾನೆ, ತಾಯಿ ಇಲ್ಲ. ಅಪ್ಪ ಪ್ರೀತಿಯಿಂದ ಬಂದನಾ, ಕರ್ತವ್ಯ ಅಂತ ಬಂದನಾ? ಜಾರ್‌ಗೆ ಇದೇ ಕೊರಗು. ಓದುವ ನಾವೂ ಅವನ ಜೊತೆ ಸ್ಪಾಕ್‌ನ ಮುಖ ನೋಡುತ್ತಾ ಕಾಯುತ್ತೇವೆ. ಟೀವಿಯಲ್ಲಿ ಕ್ಯಾಮೆರಾ ಮಾಡುತ್ತಿದ್ದ ಕೆಲಸ ಇಲ್ಲಿ ಮಗನದು.

ಬಾರ್ಬರಾ ಹ್ಯಾಂಬ್ಲಿ 'ಇಷ್ಮಾಯೆಲ್'ನಲ್ಲಿ (1985) ಬೇರೆ ದಾರಿ ಹಿಡಿದರು. ಸ್ಪಾಕ್‌ಗೆ ನೆನಪೇ ಹೋಗಿ ಹತ್ತೊಂಬತ್ತನೇ ಶತಮಾನದ ಸಿಯಾಟಲ್‌ಗೆ ಬೀಳುತ್ತಾನೆ. ತಾನು ಯಾರು ಅಂತ ಅವನಿಗೇ ಗೊತ್ತಿಲ್ಲದಾಗ ಅವನ ಒಳಗೆ ಹೋದರೂ ಗುಟ್ಟು ಕೆಡುವುದಿಲ್ಲ, ಜಾಣತನ ಅಲ್ವಾ? ಅವನಿಗೆ ಆಸರೆ ಕೊಡುವ ಏರನ್ ಸ್ಟೆಂಪಲ್ ಇನ್ನೊಂದು ಟೀವಿ ಧಾರಾವಾಹಿಯ ಪಾತ್ರ. ಅದನ್ನು ಮಾಡಿದ್ದ ಮಾರ್ಕ್ ಲೆನಾರ್ಡ್ ಅವರೇ ಸ್ಟಾರ್ ಟ್ರೆಕ್‌ನಲ್ಲಿ ಸ್ಪಾಕ್‌ನ ಅಪ್ಪ! ಡಯೇನ್ ಡುಏನ್ ಅವರ 'ಸ್ಪಾಕ್ಸ್ ವರ್ಲ್ಡ್' (1988) ಹೆಸರಿಗೆ ಅವನದು, ನಿಜವಾಗಿ ಅವನ ಗ್ರಹದ ಚರಿತ್ರೆ. ಚೆನ್ನಾಗಿದೆ, ನನ್ನ ಪೆನ್ಸಿಲ್‌ಗೆ ಮಾತ್ರ ಅಷ್ಟು ಕೆಲಸ ಸಿಗಲಿಲ್ಲ.

ಈ ಲೇಖಕರಿಗೆ ಇನ್ನೊಂದು ಕಟ್ಟುಪಾಡೂ ಇದೆ. ತೆರೆಯ ಮೇಲೆ ಬಂದದ್ದಷ್ಟೇ ಅಧಿಕೃತ, ಪುಸ್ತಕದಲ್ಲಿ ನಡೆದದ್ದು ಲೆಕ್ಕಕ್ಕಿಲ್ಲ. ಬಾಡಿಗೆ ಮನೆಯ ಥರ, ಇರಬಹುದು, ಗೋಡೆಗೆ ಮೊಳೆ ಹೊಡೆಯುವಂತಿಲ್ಲ. ಅದಕ್ಕೇ ಜಾರ್ ಕೊನೆಗೆ ತನ್ನ ಕಾಲಕ್ಕೆ ವಾಪಸ್ ಹೋಗಬೇಕು. ಸ್ಪಾಕ್ ಬದಲಾಗಬಾರದು, ಆದರೂ ಓದುಗರಿಗೆ ಏನೋ ನಡೆಯಿತು ಅನ್ನಿಸಬೇಕು. ಕ್ರಿಸ್ಪಿನ್ ಆ ಬದಲಾವಣೆಯ ಭಾರವನ್ನೆಲ್ಲ ಮಗನ ಮೇಲೆ ಹಾಕಿ ಗೆದ್ದರು ಅಂತ ನನ್ನ ಎಣಿಕೆ.

ಈಗ ನನ್ನ ಕಥೆಯಲ್ಲಿ ಮೌನಿ ಯಾರಾದರೂ ಬಂದರೆ, ಅವರಿಂದ ಏನೋ ಬಯಸುವ ಒಬ್ಬರನ್ನು ಪಕ್ಕದಲ್ಲಿ ಕೂರಿಸುತ್ತೇನೆ. ನೀವೂ ಓದುವುದಾದರೆ ಮೊದಲು ಆ 1969ರ 'ಆಲ್ ಅವರ್ ಯೆಸ್ಟರ್‌ಡೇಸ್' ಕಂತು ನೋಡಿ, ಆಮೇಲೆ ಕ್ರಿಸ್ಪಿನ್. ಇದರ ಮುಂದಿನ ಭಾಗ 1988ರಲ್ಲಿ ಬಂತು, ಅದಕ್ಕೆ ಅವಸರವಿಲ್ಲ.