45 ಎಚ್‌ಪಿ ಟ್ರ್ಯಾಕ್ಟರ್: ಷೋರೂಮಿಗೆ ಹೋಗುವ ಮುಂಚೆ ಹಾಕಬೇಕಾದ ಲೆಕ್ಕ

ಹತ್ತು ಎಕರೆ ಜಮೀನಿನಲ್ಲಿ 45 ಎಚ್‌ಪಿ (ಅಶ್ವಶಕ್ತಿ) ಟ್ರ್ಯಾಕ್ಟರ್ ವರ್ಷಕ್ಕೆ ಎಷ್ಟು ಗಂಟೆ ಓಡೀತು? ಯಾವ ಕಂಪನಿ, ಯಾವ ಮಾಡೆಲ್ ಎಂಬ ಚರ್ಚೆಗೆ ಇಳಿಯುವ ಮೊದಲು ಇದನ್ನು ಒಂದು ಹಾಳೆಯ ಮೇಲೆ ಬರೆದು ನೋಡಿ.

ಮಣ್ಣು ಮಗುಚುವ ಎರಡು ಹಲಗೆಯ ಪಲ್ಟಿ ನೇಗಿಲಿನಲ್ಲಿ ಒಂದು ಎಕರೆ ಉಳಲು ಸುಮಾರು 2 ಗಂಟೆ. ಒಂಬತ್ತು ಹಲ್ಲಿನ ಕಲ್ಟಿವೇಟರ್ ಎಕರೆಗೆ ಒಂದು ಸಲ ಹೊಡೆಯಲು ಮುಕ್ಕಾಲು ಗಂಟೆ, ಎರಡು ಸಲ ಹೊಡೆದರೆ ಒಂದೂವರೆ. ತಿರುಗುವ ಬ್ಲೇಡಿನಿಂದ ಮಣ್ಣು ಪುಡಿ ಮಾಡುವ ಆರು ಅಡಿ ರೋಟಾವೇಟರ್‌ಗೆ ಒಂದೂಕಾಲು ಗಂಟೆ. ಮುಂಗಾರಿಗೆ ಎಕರೆಗೆ 4.75 ಗಂಟೆ ಆಯಿತು. ಹಿಂಗಾರಿಗೆ ಪಲ್ಟಿ ಬೇಕಿಲ್ಲ, 2.75 ಗಂಟೆ ಸಾಕು. ಎರಡೂ ಸೇರಿ ಎಕರೆಗೆ 7.5 ಗಂಟೆ, ಹತ್ತು ಎಕರೆಗೆ 75 ಗಂಟೆ. ಗೊಬ್ಬರ, ಫಸಲು, ಮೇವು ಸಾಗಿಸಲು 60 ಗಂಟೆ ಸೇರಿಸಿದರೂ 135ಕ್ಕೆ ನಿಲ್ಲುತ್ತದೆ.

ಈಗ ಖರ್ಚಿನ ಕಡೆ ಬನ್ನಿ. ಟ್ರ್ಯಾಕ್ಟರ್ ರಸ್ತೆಗಿಳಿಯುವ ಹೊತ್ತಿಗೆ ಏಳೂವರೆ ಲಕ್ಷ ಬಿತ್ತು, ಎಂಟು ವರ್ಷ ಬಳಸಿ ಮೂರು ಲಕ್ಷಕ್ಕೆ ಮಾರಿದಿರಿ ಎಂದುಕೊಳ್ಳೋಣ. ಸವಕಳಿ ವರ್ಷಕ್ಕೆ 56,250 ರೂಪಾಯಿ. ಸರಾಸರಿ ತೊಡಗಿಸಿದ ಹಣ ಐದೂಕಾಲು ಲಕ್ಷ, ಅದಕ್ಕೆ ಶೇ. 11ರಂತೆ ಬಡ್ಡಿ 57,750. ವಿಮೆ, ಶೆಡ್ಡು ಎಲ್ಲ ಸೇರಿ 15,000. ಅಂದರೆ ಗಾಡಿ ಅಂಗಳದಲ್ಲಿ ಸುಮ್ಮನೆ ನಿಂತರೂ ವರ್ಷಕ್ಕೆ 1,29,000 ರೂಪಾಯಿ ಖರ್ಚು. ಓಡಿಸಿದರೆ ಗಂಟೆಗೆ ನಾಲ್ಕೂವರೆ ಲೀಟರ್ ಡೀಸೆಲ್, ಲೀಟರಿಗೆ 90ರಂತೆ 405 ರೂಪಾಯಿ; ಆಯಿಲ್, ಫಿಲ್ಟರ್, ಟೈರ್, ರಿಪೇರಿಗೆ 110; ಡ್ರೈವರ್‌ಗೆ 120. ಒಟ್ಟು 635.

ನಿಮ್ಮೂರಲ್ಲಿ ರೋಟಾವೇಟರ್ ಬಾಡಿಗೆ ಗಂಟೆಗೆ 1,000 ರೂಪಾಯಿ ಇದ್ದರೆ ಗಂಟೆಗೆ ಉಳಿಯುವುದು 365. ಕೂತು ತಿನ್ನುವ 1,29,000ವನ್ನು 365ರಿಂದ ಭಾಗಿಸಿ: ಸುಮಾರು 353 ಗಂಟೆ. ಅಷ್ಟು ಓಡಿದರೆ ಸ್ವಂತ ಟ್ರ್ಯಾಕ್ಟರಿಗೂ ಬಾಡಿಗೆ ಟ್ರ್ಯಾಕ್ಟರಿಗೂ ಲೆಕ್ಕ ಸಮ. ನಿಮ್ಮ ಹತ್ತು ಎಕರೆ ಕೊಡುವುದು 135 ಮಾತ್ರ. ಉಳಿದ 218 ಗಂಟೆ ಹೊರಗಿನವರ ಹೊಲದಲ್ಲಿ ದುಡಿಯಲೇಬೇಕು. ಊರಲ್ಲಿ ಈಗಾಗಲೇ ಎಷ್ಟು ಟ್ರ್ಯಾಕ್ಟರ್‌ಗಳಿವೆ, ಬಾಡಿಗೆ ಹಣ ಕೈಗೆ ಬರುವುದು ಆಗಲೋ, ಸುಗ್ಗಿ ಮುಗಿದ ಮೇಲೋ ಎಂದು ವಿಚಾರಿಸಿ. ಬಾಡಿಗೆಗೆ ಬಿಡುವ ಮನಸ್ಸಿಲ್ಲ, ಓಡಿಸುವವರೂ ಮನೆಯಲ್ಲಿಲ್ಲ ಎಂದಾದರೆ ಯಂತ್ರ ಬಾಡಿಗೆಗೆ ಕೊಡುವ ಹೋಬಳಿಯ ಕೃಷಿ ಯಂತ್ರಧಾರೆ ಕೇಂದ್ರವೇ ಅಗ್ಗ. ಆದರೆ ಒಂದು ಮಾತನ್ನು ಈ ಲೆಕ್ಕ ಹಿಡಿಯುವುದಿಲ್ಲ: ಮಳೆ ಬಿದ್ದು ಹದ ಬಂದ ಮೂರು ದಿನದಲ್ಲಿ ಬಾಡಿಗೆ ಗಾಡಿ ಸಿಗದಿದ್ದರೆ ಬಿತ್ತನೆ ಹಿಂದೆ ಬೀಳುತ್ತದೆ. ಮಳೆಯಾಶ್ರಿತ ಎರೆ ಹೊಲದವರಿಗೆ ಆ ಮೂರು ದಿನದ ಬೆಲೆ ದೊಡ್ಡದು. ಅಂಥವರು 353ರ ಬದಲು 280 ಗಂಟೆ ಓಡಿದರೂ ಕೊಳ್ಳಬಹುದು ಎಂಬುದು ನಮ್ಮ ಅಭಿಪ್ರಾಯ.

ಮಣ್ಣು ನೋಡಿ ಎಚ್‌ಪಿ

ಧಾರವಾಡ, ಗದಗ, ವಿಜಯಪುರದ ಎರೆ ಮಣ್ಣು ಆಳ, ಅಂಟು. ನೇಗಿಲನ್ನು ಹಿಡಿದು ಬಿಡುವುದಿಲ್ಲ. ಅಲ್ಲಿ 45ರಿಂದ 50 ಎಚ್‌ಪಿ, ಹಿಂದೆ 14.9-28 ಟೈರ್, ಎರಡು ಟನ್ನಿನ ಆಸುಪಾಸಿನ ತೂಕ ಇರುವುದು ಒಳ್ಳೆಯದು. ಕೋಲಾರ, ತುಮಕೂರು, ಚಿತ್ರದುರ್ಗದ ಕೆಂಪು ಮಣ್ಣಿಗೆ 40 ಎಚ್‌ಪಿ, 13.6-28 ಟೈರ್ ಸಾಕು. ಅದರ ಮೇಲೆ ಹೋದರೆ ಡೀಸೆಲ್ ವ್ಯರ್ಥ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಭತ್ತದ ಗದ್ದೆಗೆ ಫೋರ್ ವೀಲ್ ಡ್ರೈವ್‌ಗೆ ಹೆಚ್ಚು ಕೊಡುವ ಹಣ ಸಾರ್ಥಕ. ಕೇಜ್ ವೀಲ್ (ಪಂಜರದಂಥ ಕಬ್ಬಿಣದ ಚಕ್ರ) ಹಾಕಿ ಕೆಸರು ಕಲಸುವಾಗ ಹಿಂದಿನ ಆಕ್ಸಲ್ ಮೇಲೆ ಬೀಳುವ ಒತ್ತಡದಲ್ಲಿ ಹಬ್ ಬೇರಿಂಗ್, ಸೀಲ್ ಬೇಗ ಹೋಗುತ್ತವೆ. ಸೀಲಿನ ಒಳಗೆ ಕೆಸರು ನೀರು ಹೊಕ್ಕರೆ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ಕಂಡ ದಿನವೇ ಬದಲಿಸಬೇಕು.

ಅಡಿಕೆ ತೋಟದವರು ಈ ಗಾತ್ರಕ್ಕೆ ಬರಲೇಬೇಡಿ. ಒಂಬತ್ತು ಅಡಿ ಅಂತರದ ಸಾಲಿನಲ್ಲಿ ಸುಮಾರು ಆರು ಅಡಿ ಅಗಲದ ಗಾಡಿ ನುಗ್ಗಿದರೆ ಬೇರು ತುಂಡಾಗುತ್ತದೆ, ತಿರುಗಿಸಲು ಜಾಗವೂ ಸಿಗುವುದಿಲ್ಲ. ಅಲ್ಲಿಗೆ 20ರಿಂದ 28 ಎಚ್‌ಪಿಯ ಕಿರಿದಾದ ಗಾಡಿಯೇ ಸರಿ. ಇನ್ನು ಕಬ್ಬಿಗೆ ಎರಡು ಟ್ರೇಲರ್ ಕಟ್ಟಿ ಎಳೆಯುವವರು 50ರ ಮೇಲೆಯೇ ನೋಡಬೇಕು.

50 ಎಚ್‌ಪಿ ಎಂಬುದು ಬರೀ ಸಂಖ್ಯೆಯಲ್ಲ. 2023ರ ಜನವರಿ 1ರಿಂದ 50 ಎಚ್‌ಪಿಗಿಂತ ಮೇಲಿನ ಟ್ರ್ಯಾಕ್ಟರ್‌ಗಳಿಗೆ ಟ್ರೆಮ್ 4 ಹೊಗೆ ನಿಯಮ ಜಾರಿಗೆ ಬಂತು. ಅದಕ್ಕಾಗಿ ಅವುಗಳಲ್ಲಿ ಕಾಮನ್ ರೈಲ್ ಇಂಜೆಕ್ಷನ್ (ಕಂಪ್ಯೂಟರ್ ಹೇಳಿದಂತೆ ಡೀಸೆಲ್ ಚಿಮ್ಮಿಸುವ ವ್ಯವಸ್ಥೆ), ಅದನ್ನು ನಡೆಸುವ ಇಸಿಯು, ಸೆನ್ಸರ್ ಬಂದವು, ಬೆಲೆಯೂ ಏರಿತು. ಆ ಗೆರೆಯ ಕೆಳಗಿನವುಗಳಲ್ಲಿ ಹಳೆಯ ಮೆಕ್ಯಾನಿಕಲ್ ಪಂಪೇ ಹೆಚ್ಚು; ಊರಿನ ಮೆಕ್ಯಾನಿಕ್ ಬಿಚ್ಚಿ ಜೋಡಿಸಬಲ್ಲ. ಮನೆಯಲ್ಲಿ ಕ್ಯಾನ್‌ನಲ್ಲಿ ಡೀಸೆಲ್ ಇಟ್ಟು ಸುರಿಯುವ ರೂಢಿ ಇರುವವರಿಗೆ ಕಾಮನ್ ರೈಲ್ ಸರಿಹೊಂದದು: ನೀರಿನಂಶ, ಕಸ ಒಳಹೊಕ್ಕರೆ ಇಂಜೆಕ್ಟರ್ ಕೆಡುತ್ತದೆ, ಬದಲಿಸುವ ಖರ್ಚು ದೊಡ್ಡದು.

ಎಂಜಿನ್ ಎಚ್‌ಪಿ ಬೇರೆ, ಪಿಟಿಒ ಎಚ್‌ಪಿ ಬೇರೆ

ಬಾನೆಟ್ ಮೇಲೆ ಬರೆದ 45, ಎಂಜಿನ್ನಿನ ಶಕ್ತಿ. ರೋಟಾವೇಟರ್ ತಿರುಗಿಸುವುದು ಗಾಡಿಯ ಹಿಂದೆ ಉಪಕರಣಕ್ಕೆ ಜೋಡಿಸುವ ಪಿಟಿಒ ಶಾಫ್ಟಿಗೆ ಬರುವ ಶಕ್ತಿ, ಸಾಮಾನ್ಯವಾಗಿ ಅದರ ಶೇ. 85–90. ಅಂದರೆ ಕೈಗೆ ಸಿಗುವುದು 38–40. ಕೆಂಪು ಮಣ್ಣಿನಲ್ಲಿ ಇಷ್ಟಕ್ಕೆ ಆರು ಅಡಿ ರೋಟಾವೇಟರ್ ನಡೆಯುತ್ತದೆ; ಎರೆಯಲ್ಲಿ ಐದು ಅಥವಾ ಐದೂವರೆ ಅಡಿಗೆ ಇಳಿಯಬೇಕು. ಐದು ಅಡಿ ತೆಗೆದುಕೊಂಡರೆ ಗಾಡಿಯ ಅಗಲವೇ ಅದಕ್ಕಿಂತ ಹೆಚ್ಚಿರುವುದರಿಂದ ಒಂದು ಟೈರಿನ ಅಚ್ಚು ಹೊಲದಲ್ಲಿ ಹಾಗೇ ಉಳಿಯುತ್ತದೆ. ರೋಟಾವೇಟರನ್ನು ಒಂದು ಬದಿಗೆ ಸರಿಸಿ ಜೋಡಿಸುವ ಸೌಲಭ್ಯ ಇದೆಯೇ ಎಂದು ಕೇಳಿ, ಕೊನೆಯ ಸುತ್ತಿನ ಕಡೆಯ ಅಚ್ಚು ಆಗ ಮುಚ್ಚಿಹೋಗುತ್ತದೆ.

ಮಾರಾಟದವರ ಕರಪತ್ರ ನಂಬಿ ಕೂರಬೇಡಿ. ಮಧ್ಯಪ್ರದೇಶದ ಬುದ್ನಿಯಲ್ಲಿ ಕೇಂದ್ರ ಸರ್ಕಾರದ ಟ್ರ್ಯಾಕ್ಟರ್ ಪರೀಕ್ಷಾ ಸಂಸ್ಥೆ ಇದೆ. ನೀವು ನೋಡುತ್ತಿರುವ ಮಾಡೆಲಿನ ಪರೀಕ್ಷಾ ವರದಿಯನ್ನು ಡೀಲರ್ ಬಳಿ ಕೇಳಿ. ಅದರಲ್ಲಿ ಮೂರು ಅಂಕಿ ಸಾಕು: ಗರಿಷ್ಠ ಪಿಟಿಒ ಶಕ್ತಿ, ಪ್ರತಿ ಕಿಲೋವ್ಯಾಟ್ ಗಂಟೆಗೆ ಸುಡುವ ಇಂಧನದ ಗ್ರಾಂ, ಹೈಡ್ರಾಲಿಕ್ ಎತ್ತುವ ತೂಕ. ಮಹೀಂದ್ರಾ 575, ಸ್ವರಾಜ್ 744, ಜಾನ್ ಡೀರ್ 5045, ಮ್ಯಾಸಿ 241, ಐಷರ್ 485, ಕುಬೋಟಾ ಎಂಯು4501 – ಈ ಸಾಲಿನಲ್ಲಿ ಹೆಚ್ಚುಕಮ್ಮಿ ಎಲ್ಲವೂ ಕೆಲಸ ಮಾಡುತ್ತವೆ. ತೀರ್ಮಾನ ಆಗಬೇಕಾದ್ದು ಮಾಡೆಲ್‌ನಲ್ಲಲ್ಲ, ನಿಮ್ಮೂರಿಗೆ ಹತ್ತಿರದ ವರ್ಕ್‌ಶಾಪಿನಲ್ಲಿ. ಬಿತ್ತನೆ ವೇಳೆಯಲ್ಲಿ ಕ್ಲಚ್ ಪ್ಲೇಟ್ ಹೋದರೆ ಆ ದಿನವೇ ಸಿಗುತ್ತದೆಯೋ, ಹುಬ್ಬಳ್ಳಿಯಿಂದ ತರಿಸಲು ನಾಲ್ಕು ದಿನ ಕಾಯಬೇಕೋ? ಷೋರೂಮಿನಲ್ಲಿ ಕೇಳಬೇಡಿ, ಬಿಡಿಭಾಗದ ಅಂಗಡಿಯಲ್ಲೇ ನಿಂತು ಕೇಳಿ.

ಆಯ್ಕೆ ಬಂದಾಗ ನಾವು ಡ್ಯುಯಲ್ ಕ್ಲಚ್ ಮತ್ತು ಆಯಿಲ್ ಬ್ರೇಕಿಗೆ ಹಣ ಕೊಡುತ್ತೇವೆ. ಸಿಂಗಲ್ ಕ್ಲಚ್ಚಿನಲ್ಲಿ ಪೆಡಲ್ ಒತ್ತಿದೊಡನೆ ಪಿಟಿಒ ಕೂಡ ನಿಲ್ಲುತ್ತದೆ. ರೋಟಾವೇಟರ್, ಒಕ್ಕಣೆ ಯಂತ್ರ ಇಟ್ಟುಕೊಂಡವರಿಗೆ ಅದು ದಿನನಿತ್ಯದ ಕಿರಿಕಿರಿ. ಡ್ರೈ ಬ್ರೇಕಿಗೆ ಕೆಸರು, ಧೂಳು ಸಿಕ್ಕರೆ ಒಂದು ಬದಿಗೆ ಎಳೆಯುತ್ತದೆ, ಲೋಡು ತುಂಬಿದ ಟ್ರೇಲರ್ ಹಿಂದಿರುವಾಗ ಅದು ಪ್ರಾಣದ ಪ್ರಶ್ನೆ. ಪವರ್ ಸ್ಟೀರಿಂಗ್ ದಿನಕ್ಕೆ ಎಂಟು ಗಂಟೆ ಓಡಿಸುವವರ ಭುಜ ಉಳಿಸುತ್ತದೆ. 12+3 ಗೇರ್ ಇಲ್ಲದೆ 8+2ರಲ್ಲೇ (ಮುಂದಕ್ಕೆ ಎಂಟು, ಹಿಂದಕ್ಕೆ ಎರಡು) ಕೆಲಸ ಸಾಗುತ್ತದೆ, ಆದರೆ ತರಕಾರಿ ನಾಟಿ ಯಂತ್ರದಂಥ ನಿಧಾನದ ಕೆಲಸವಿದ್ದರೆ ಕ್ರೀಪರ್ ಗೇರ್ ಕೇಳಿ.

ನಿಮ್ಮ ಹೊಲದಲ್ಲೇ ಪರೀಕ್ಷೆ

ಡೆಮೊ ಕೇಳಿ, ಷೋರೂಮಿನ ಮುಂದಿನ ಮೈದಾನದಲ್ಲಿ ಸುತ್ತಿಸಿ ತೋರಿಸಿದರೆ ಒಪ್ಪಬೇಡಿ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ನೀವೇ ಸ್ಟಾರ್ಟ್ ಮಾಡಿ. ನಿಮ್ಮದೇ ನೇಗಿಲು ಕಟ್ಟಿ.

ಹಿಂದಿನ ಟೈರಿಗೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ನೇಗಿಲು ಎತ್ತಿಕೊಂಡು ಆ ಟೈರು ಹತ್ತು ಸುತ್ತು ತಿರುಗುವಷ್ಟು ಓಡಿಸಿ, ಹೋದ ದೂರ ಅಳೆಯಿರಿ; ಸುಮಾರು 40 ಮೀಟರ್ ಬಂದೀತು. ನೇಗಿಲು ಇಳಿಸಿ ಮತ್ತೆ ಹತ್ತು ಸುತ್ತು. ಈಗ 35 ಮೀಟರ್ ಬಂದರೆ ಜಾರಿಕೆ ಶೇ. 12.5. ಶೇ. 10ರಿಂದ 15ರೊಳಗೆ ಇದ್ದರೆ ಸರಿ. 20 ದಾಟಿದರೆ ಡೀಸೆಲ್ ಮಣ್ಣಿಗೆ ಸುರಿದಂತೆ, ಟೈರೂ ಸವೆಯುತ್ತದೆ. ಆಗ ಹಿಂದಿನ ಟೈರಿಗೆ ಮುಕ್ಕಾಲು ಭಾಗ ನೀರು ತುಂಬಿಸಬೇಕು (ವಾಲ್ವ್ ಮೇಲ್ಗಡೆ ಬರುವಂತೆ ನಿಲ್ಲಿಸಿ), ಇಲ್ಲವೇ ತೂಕ ಹೆಚ್ಚಿಸಬೇಕು. ಜಾರಿಕೆ ತೀರಾ ಕಡಿಮೆ, ಶೇ. 5 ಎಂದು ಬಂದರೂ ಖುಷಿಪಡಬೇಡಿ: ಗಾಡಿ ಬೇಕಿಲ್ಲದ ಭಾರ ಹೊತ್ತು ಓಡುತ್ತಿದೆ, ಮಣ್ಣು ಗಟ್ಟಿಯಾಗುತ್ತಿದೆ.

ಬಳಿಕ ರೋಟಾವೇಟರ್ ಎತ್ತಿ, ಎಂಜಿನ್ ಆಫ್ ಮಾಡಿ, ನೆಲದಿಂದ ಬ್ಲೇಡಿನ ಎತ್ತರ ಅಳೆದಿಟ್ಟುಕೊಳ್ಳಿ. ಹತ್ತು ನಿಮಿಷ ಬಿಟ್ಟು ಮತ್ತೆ ಅಳೆಯಿರಿ. ಕೆಳಗಿಳಿದಿದ್ದರೆ ಹೈಡ್ರಾಲಿಕ್ ವಾಲ್ವ್ ಅಥವಾ ಸೀಲು ಸೋರುತ್ತಿದೆ. ಎತ್ತುವಾಗ ಮುಂದಿನ ಚಕ್ರ ಹಗುರಾದರೆ ಮುಂದೆ ತೂಕದ ಪ್ಲೇಟ್ ಹಾಕಿಸಿಯೇ ಗಾಡಿ ತನ್ನಿ.

ಹಣದ ಪಟ್ಟಿ

ಟ್ರ್ಯಾಕ್ಟರಿಗೇ ಎಲ್ಲ ಹಣ ಹಾಕಿ, ಮುಂದಿನ ತಿಂಗಳು ಉಪಕರಣಕ್ಕೆಂದು ಕೈಸಾಲ ಮಾಡುವುದು ಸಾಮಾನ್ಯ ತಪ್ಪು. ಬಜೆಟ್ಟಿಗೆ ಅಂದಾಜು ಹೀಗಿಟ್ಟುಕೊಳ್ಳಿ: ಟ್ರ್ಯಾಕ್ಟರ್ 7.5 ಲಕ್ಷ, ರೋಟಾವೇಟರ್ 1.1 ಲಕ್ಷ, ಕಲ್ಟಿವೇಟರ್ 40 ಸಾವಿರ, ಹೈಡ್ರಾಲಿಕ್ ಪಲ್ಟಿ ನೇಗಿಲು 1.3 ಲಕ್ಷ, ಟ್ರೇಲರ್ 1.8 ಲಕ್ಷ. ಒಟ್ಟು 12.1 ಲಕ್ಷ, ನಿಮ್ಮ ಕೊಟೇಶನ್ ಬಂದಾಗ ಅಂಕಿ ಬದಲಿಸಿಕೊಳ್ಳಿ. ಮೊದಲ ವರ್ಷ ಕಲ್ಟಿವೇಟರ್, ರೋಟಾವೇಟರ್ ಸಾಕು. ಪಲ್ಟಿ ವರ್ಷಕ್ಕೊಮ್ಮೆ, ಇಪ್ಪತ್ತು ಗಂಟೆಯ ಕೆಲಸ. ಅದನ್ನು ಬಾಡಿಗೆಗೆ ತನ್ನಿ.

ಕೊಟೇಶನ್ ಬಿಡಿಬಿಡಿಯಾಗಿ ಬರೆಸಿ: ಷೋರೂಮ್ ಬೆಲೆ, ನೋಂದಣಿ, ವಿಮೆ, ಬಂಪರ್, ಹುಕ್ಕು, ಮೇಲ್ಛಾವಣಿ. 2025ರ ಸೆಪ್ಟೆಂಬರ್ 22ರಿಂದ ಟ್ರ್ಯಾಕ್ಟರ್ ಮೇಲಿನ ಜಿಎಸ್‌ಟಿ ಶೇ. 12ರಿಂದ 5ಕ್ಕೆ, ಟ್ರ್ಯಾಕ್ಟರ್ ಟೈರಿನದ್ದು 18ರಿಂದ 5ಕ್ಕೆ ಇಳಿದಿದೆ. ಬಿಲ್ಲಿನಲ್ಲಿ ಅದೇ ಇದೆಯೇ ನೋಡಿ. ಗಾಡಿ ತಯಾರಾದ ತಿಂಗಳು, ವರ್ಷ ಬಿಲ್ಲಿಗೆ ಮೊದಲೇ ಕೇಳಿ. ಡಿಸೆಂಬರಿನಲ್ಲಿ ದೊಡ್ಡ ರಿಯಾಯಿತಿ ಸಿಕ್ಕರೂ ಮಾರುವಾಗ ಒಂದು ವರ್ಷ ಹಳೆಯದೆಂದೇ ಲೆಕ್ಕ. ಹಳೆ ಗಾಡಿ ಎಕ್ಸ್‌ಚೇಂಜ್ ಕೊಡುವವರು ಎಕ್ಸ್‌ಚೇಂಜ್ ಇಲ್ಲದೆ ಎಷ್ಟು ರಿಯಾಯಿತಿ ಎಂದು ಮೊದಲು ಕೇಳಿ, ಆಮೇಲೆ ಹಳೆಯದರ ಬೆಲೆ ಮಾತಾಡಿ.

ಸಾಲದಲ್ಲಿ ಒಂದು ಹಳ್ಳ ಇದೆ. ಆರು ಲಕ್ಷ, ಐದು ವರ್ಷ, ‘ಬರೀ ಶೇ. 9 ಫ್ಲ್ಯಾಟ್’ (ಕಂತು ಕಟ್ಟುತ್ತಾ ಬಂದರೂ ಪೂರ್ತಿ ಆರು ಲಕ್ಷಕ್ಕೇ ಬಡ್ಡಿ) ಎಂದರೆ ಬಡ್ಡಿ 2.7 ಲಕ್ಷ, ಆರು ತಿಂಗಳಿಗೊಂದು ಕಂತು 87,000. ಬ್ಯಾಂಕಿನಲ್ಲಿ ಶೇ. 12, ಆದರೆ ಉಳಿದ ಅಸಲಿನ ಮೇಲೆ ಮಾತ್ರ ಬಡ್ಡಿ ಎಂದರೆ ಕಂತು ಸುಮಾರು 81,500, ಬಡ್ಡಿ 2.15 ಲಕ್ಷ. ಕಡಿಮೆ ಕಂಡ 9 ನಿಜವಾಗಿ ಶೇ. 14.8ರಷ್ಟು. ಹಾಗಾಗಿ ಕೇಳಬೇಕಾದ್ದು ಶೇಕಡಾವಾರು ಅಲ್ಲ, ಒಟ್ಟು ಎಷ್ಟು ಕಟ್ಟಬೇಕು ಎಂದು. ಪ್ರೊಸೆಸಿಂಗ್ ಶುಲ್ಕ, ಸಾಲದ ಜತೆ ಕಟ್ಟಿಸುವ ವಿಮೆ, ಅವಧಿಗೆ ಮುಂಚೆ ತೀರಿಸಿದರೆ ದಂಡ ಎಲ್ಲ ಬರೆಸಿಕೊಳ್ಳಿ. ಕಂತು ಸುಗ್ಗಿಯಾದ ತಿಂಗಳಿಗೆ ಬರುವಂತೆ ಇಡಿಸಿ. ತಿಂಗಳ ಕಂತು ಬಾಡಿಗೆ ಓಡಿಸುವವರಿಗೆ ಮಾತ್ರ. ರಾಷ್ಟ್ರೀಕೃತ ಬ್ಯಾಂಕ್, ಸಹಕಾರಿ ಭೂ ಅಭಿವೃದ್ಧಿ (ಪಿಎಲ್‌ಡಿ) ಬ್ಯಾಂಕ್ ಎರಡನ್ನೂ ಕೇಳಿಯೇ ಫೈನಾನ್ಸ್ ಕಂಪನಿಗೆ ಹೋಗಿ.

ಸಹಾಯಧನ ಮಿನಿ ಟ್ರ್ಯಾಕ್ಟರ್, ಉಪಕರಣಗಳ ಕಡೆಗೇ ಹೆಚ್ಚು. ರೋಟಾವೇಟರ್ ಕೊಳ್ಳುವ ಮುಂಚೆ ರೈತ ಸಂಪರ್ಕ ಕೇಂದ್ರದಲ್ಲಿ ಫ್ರೂಟ್ಸ್ (ರೈತರ ನೋಂದಣಿ) ಗುರುತಿನ ಸಂಖ್ಯೆ ಕೊಟ್ಟು ಅರ್ಜಿ ಹಾಕಿ, ಮಂಜೂರಾತಿ ಕೈಗೆ ಬಂದ ಮೇಲೆ ಬಿಲ್ ಮಾಡಿಸಿ. ಮೊದಲೇ ಕೊಂಡು ಆಮೇಲೆ ಕೇಳಿದರೆ ಹಣ ಬರುವುದಿಲ್ಲ.

ಟ್ರೇಲರಿಗೂ ಬೇರೆ ನೋಂದಣಿ, ಬೇರೆ ವಿಮೆ ಬೇಕು. ಟ್ರ್ಯಾಕ್ಟರಿಗೆ ಮಾತ್ರ ವಿಮೆ ಇದ್ದು ಟ್ರೇಲರಿನಲ್ಲಿ ಕೂತವರಿಗೆ ಏನಾದರೂ ಆದರೆ ಪರಿಹಾರದ ಹೊರೆ ಮಾಲೀಕನ ತಲೆಗೇ ಬರಬಹುದು. ಮನೆಗಳೇ ಮುಳುಗುವ ಜಾಗ ಇದು.

ಗಾಡಿ ಮನೆಗೆ ಬಂದ ಮೇಲೆ ಮೊದಲ 50 ಗಂಟೆ ಪೂರ್ತಿ ಭಾರ ಹಾಕಬೇಡಿ, ತುಂಬಾ ಹೊತ್ತು ಐಡ್ಲಿಂಗಿನಲ್ಲೂ ಬಿಡಬೇಡಿ. 50 ಗಂಟೆಗೆ ಮೊದಲ ಸರ್ವೀಸ್ ತಪ್ಪಿಸಿದರೆ ವಾರಂಟಿಯ ಹಕ್ಕು ಕೈತಪ್ಪುವ ಅಪಾಯ ಇದೆ. ಹೊಸ ಎಂಜಿನ್ ಸವೆದು ಬಿಟ್ಟ ಲೋಹದ ಪುಡಿ ಆ ಆಯಿಲಿನಲ್ಲೇ ಇರುತ್ತದೆ. ಏರ್ ಕ್ಲೀನರ್ ಬಟ್ಟಲಿನ ಆಯಿಲನ್ನು ರೋಟಾವೇಟರ್ ಹೊಡೆಯುವ ದಿನಗಳಲ್ಲಿ ಪ್ರತಿದಿನ ನೋಡಿ, ಕೆಸರು ಕಟ್ಟಿದ್ದರೆ ತೆಗೆದು ತೊಳೆದು ಗುರುತಿನವರೆಗೆ ಹೊಸ ಆಯಿಲ್ ಹಾಕಿ. ಸಾಲ ತೀರಿದ ದಿನ ಬ್ಯಾಂಕಿನಿಂದ ನಿರಾಕ್ಷೇಪಣಾ ಪತ್ರ, ಫಾರಂ 35 ಪಡೆದು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಸಾಲದ ನಮೂದು ತೆಗೆಸಿ. ಅದಿಲ್ಲದೆ ಆ ಮೂರು ಲಕ್ಷಕ್ಕೆ ಮಾರಲು ಹೋದಾಗ ಹೆಸರು ವರ್ಗಾವಣೆ ಆಗುವುದಿಲ್ಲ.